ಪಿಂಚಣಿ ಕಡತ ಹೊತ್ತ ಬೈಕುಗಳು: ಹಾಸನದಿಂದ ಜಾವಳಿಯವರೆಗೆ

ಗುರುವಾರ: ಹಾಸನ, ಅರಸೀಕೆರೆ, ಹಳೇಬೀಡು

ನಮ್ಮ ಮಾಜಿ ಸೈನಿಕರ ಬೈಕ್ ಕೂಟ ವರ್ಷದ ದೊಡ್ಡ ಯಾತ್ರೆಯನ್ನು ನವೆಂಬರ್ ಕೊನೆಯ ವಾರಕ್ಕೇ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರ ಜನವರಿ 14ರಂದು ಸೇವೆಯಿಂದ ನಿವೃತ್ತರಾದ ನೆನಪಿಗೆ ಆ ದಿನವನ್ನು ಮಾಜಿ ಸೈನಿಕರ ದಿನವೆಂದು ಆಚರಿಸಲಾಗುತ್ತದೆ. ಬೈಕು ಯಾತ್ರೆಗೆ ಅದೇ ತಕ್ಕ ದಿನವೆಂದು ವಾದಿಸುವವರು ನಮ್ಮಲ್ಲೂ ಇದ್ದಾರೆ. ಆದರೆ ಅದು ಸಂಕ್ರಾಂತಿಯ ಹೊತ್ತು, ಎಳ್ಳು ಬೀರುವ ಮನೆ ಬಿಟ್ಟು ಯಾರೂ ಹೊರಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಾವು ಬದುಕಿದ್ದೇವೆಂದು ಪಿಂಚಣಿದಾರರು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಲೈಫ್ ಸರ್ಟಿಫಿಕೇಟಿನ ತಿಂಗಳು ಹೆಚ್ಚಿನವರಿಗೆ ನವೆಂಬರ್. ಅದು ತಪ್ಪಿತೆಂದರೆ ಪಿಂಚಣಿ ನಿಲ್ಲುತ್ತದೆ. ಪೇಟೆಯಲ್ಲಿರುವವರು ಹೇಗೋ ಮುಗಿಸಿಕೊಳ್ಳುತ್ತಾರೆ. ಬಸ್ಸು ಇಳಿದ ಮೇಲೂ ತೋಟದ ದಾರಿಯಲ್ಲಿ ಗಂಟೆಗಟ್ಟಲೆ ನಡೆಯಬೇಕಾದ ಮನೆಗಳಲ್ಲಿ ಒಂಟಿಯಾಗಿ ಉಳಿದಿರುವ ಸೈನಿಕರ ವಿಧವೆಯರಿಗೆ ಅದು ಸುಲಭವಲ್ಲ. ನಮ್ಮ ಬೈಕುಗಳಿಗೆ ನಿಜವಾದ ಕೆಲಸ ಇರುವುದು ಅಲ್ಲಿ.

ಬೆಳಿಗ್ಗೆ ಆರೂವರೆಗೆ ಮಹಾರಾಜ ಪಾರ್ಕಿನ ಎದುರು ಹನ್ನೆರಡು ಬೈಕುಗಳೂ ಒಂದು ಸ್ಕೂಟರೂ ಸಾಲಾಗಿ ನಿಂತವು. ಸ್ಕೂಟರು ಮಿಲಿಟರಿ ನರ್ಸಿಂಗ್ ಸರ್ವಿಸಿನಿಂದ ನಿವೃತ್ತರಾದ ಮೇಜರ್ ಮೇಡಂ ಅವರದು. ಅದರ ಸೀಟಿನ ಕೆಳಗೆ ಬಿ.ಪಿ. ನೋಡುವ ಯಂತ್ರ, ಸಕ್ಕರೆ ಪರೀಕ್ಷೆಯ ಪಟ್ಟಿಗಳು. ಉಳಿದವುಗಳಲ್ಲಿ ಹೆಚ್ಚಿನವು ಬುಲೆಟ್. ಸೇನೆ ಗಡಿ ಗಸ್ತಿಗೆಂದು ಬೇಡಿಕೆ ಇಟ್ಟ ಮೇಲೆಯೇ 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಜೋಡಣೆ ಆರಂಭವಾದದ್ದು, ಹಾಗಾಗಿ ಫೌಜಿಗೂ ಬುಲೆಟ್ಟಿಗೂ ಇರುವ ನಂಟು ಬರೀ ಶೋಕಿಯದಲ್ಲ. ಸಿಗ್ನಲ್ಸ್ ದಳದಲ್ಲಿ ಪತ್ರ ಸಾಗಿಸುವ ಡಿ.ಆರ್. ಆಗಿದ್ದವರೊಬ್ಬರು ಮಾತ್ರ ಹಟ ಹಿಡಿದು ಯೆಜ್ಡಿ ತಂದಿದ್ದರು. ಅದು ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಕಿಕ್ ಹೊಡೆದ ಲಿವರನ್ನೇ ಮಡಚಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಲಿವರಾಗುತ್ತದೆ. ಈ ಚಮತ್ಕಾರವನ್ನು ಪ್ರತಿ ಊರಿನ ಹುಡುಗರಿಗೂ ಅವರು ಒಮ್ಮೆಯಾದರೂ ಮಾಡಿ ತೋರಿಸದೆ ಬಿಡಲಿಲ್ಲ.

ಮುಂದಾಳು ಸುಬೇದಾರ್ ಸಾಹೇಬರು. ಕಾನ್ವಾಯ್ ನಿಯಮವನ್ನು ಅವರು ಇಂದಿಗೂ ಸಡಿಲಿಸಿಲ್ಲ: ಸಾಲಿನಲ್ಲಿ ಯಾರೂ ಯಾರನ್ನೂ ದಾಟಬಾರದು, ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರು, ಗಂಟೆಗೊಮ್ಮೆ ಹತ್ತು ನಿಮಿಷ ನಿಲುಗಡೆ, ನಿಂತಾಗ ಟೈರು, ಚೈನು, ಆಯಿಲು ನೋಡಿಕೊಂಡೇ ಚಹಾ. ನಾನು ಸೇನೆಯ ವಾಹನ, ಯಂತ್ರಗಳನ್ನು ರಿಪೇರಿ ಮಾಡುವ ಇ.ಎಂ.ಇ. ವರ್ಕ್‌ಶಾಪಿನವನಾದ್ದರಿಂದ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಪ್ಲಗ್ಗು, ಟ್ಯೂಬು, ಪಾನಾಗಳ ಚೀಲ ಕಟ್ಟಿಕೊಂಡು ಸಾಲಿನ ಕೊನೆಗೆ. ನಡುವೆ, ಎಲ್ಲರಿಗಿಂತ ನಿಧಾನವಾಗಿ, ಕ್ಲರ್ಕ್ ಸಾಹೇಬರು. ರೆಜಿಮೆಂಟಿನ ಕಚೇರಿಯಲ್ಲಿ ಸೇವಾವಧಿ ಕಳೆದ ಅವರ ಬೈಕಿಗೆ ಕಟ್ಟಿದ ತಗಡಿನ ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪು, ಬೆರಳಚ್ಚು ಓದುವ ಯಂತ್ರ, ಪ್ರಿಂಟರು, ಅರ್ಜಿ ನಮೂನೆಗಳು, ಅಂಟು, ಇಂಕಿನ ಪ್ಯಾಡು. ಇಡೀ ಯಾತ್ರೆಯಲ್ಲಿ ಯಾರ ಬೈಕು ಕೆಟ್ಟರೂ ನಡೆದೀತು, ಅವರದು ಕೆಡಬಾರದು.

ದುದ್ದ ದಾಟಿದ ಮೇಲೆ ರಸ್ತೆ ಕಾಣದಂತೆ ರಾಗಿ ಹಾಸಿದ್ದರು. ಮುಂಚೆ ಬಿತ್ತಿದವರ ಕೊಯ್ಲು ಮುಗಿದು ಒಕ್ಕಣೆ ರಸ್ತೆಗೇ ಬಂದಿತ್ತು. ಕಾರಿಗೆ ಅದೇನೂ ಅಲ್ಲ; ಎರಡು ಚಕ್ರದವನು ಹುಲ್ಲಿನ ಮೇಲೆ ಬ್ರೇಕು ಮುಟ್ಟಿದರೆ ಮುಗಿಯಿತು. ಸುಬೇದಾರ್ ಸಾಹೇಬರು ಕೈ ಎತ್ತಿದರು, ಎಲ್ಲರೂ ಮೊದಲ ಗೇರಿಗೆ ಇಳಿಸಿ ಎರಡೂ ಕಾಲು ಕೆಳಗಿಟ್ಟುಕೊಂಡು ಒಬ್ಬೊಬ್ಬರಾಗಿ ದಾಟಿದೆವು. ಪೊರಕೆ ಹಿಡಿದು ಅಂಚಿನಲ್ಲಿ ನಿಂತಿದ್ದ ಹೆಂಗಸು ನಮ್ಮ ಸಾಲನ್ನೂ ಬಾವುಟಗಳನ್ನೂ ನೋಡಿ, "ಇಷ್ಟ್ ಗಾಡಿ ಬಂದವೆ, ಇನ್ನೊಂದ್ ಸುತ್ತು ತುಳಿಸ್ಕಂಡ್ ಹೋಗ್ರಣ್ಣ" ಎಂದರೆ, ಕಲ್ಲಿನ ಮೇಲೆ ಕುಳಿತಿದ್ದ ಮುದುಕ, "ಬೈಕ್ ತುಳಿದ್ರೆ ಏನ್ ಉದುರ್ತದೆ ಬಿಡವ್ವ, ಲಾರಿ ಬರ್ಲಿ" ಎಂದ.

ಅರಸೀಕೆರೆಯಲ್ಲಿ ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರೂ ಸೈನಿಕರ ವಿಧವೆಯರೂ ಸಮುದಾಯ ಭವನವೊಂದರಲ್ಲಿ ಸೇರಿದ್ದರು. ಹೊರಗೆ ಕೊಬ್ಬರಿ ತುಂಬಿದ ಟೆಂಪೋಗಳು ಮಾರುಕಟ್ಟೆಯತ್ತ ಹೋಗುತ್ತಿದ್ದವು. ಕ್ಲರ್ಕ್ ಸಾಹೇಬರು ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿ ಕುಳಿತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಅವರು ಪ್ರತಿಯೊಬ್ಬರಿಂದಲೂ ಮೊದಲು ಕೇಳುವುದು ಮೂರು ವಸ್ತು: ಡಿಸ್ಚಾರ್ಜ್ ಬುಕ್ಕು, ಪಿ.ಪಿ.ಒ. ಎಂಬ ಪಿಂಚಣಿ ಆದೇಶ, ಆಧಾರ್. ಮೂರರಲ್ಲೂ ಹೆಂಡತಿಯ ಹೆಸರು ಒಂದೇ ರೀತಿ ಇದ್ದರೆ ಅವರ ಮುಖ ಅರಳುತ್ತದೆ. ಅಂಥ ಸಂದರ್ಭ ವಿರಳ. ಸೈನಿಕನು ಮದುವೆಯಾದಾಗ, ಮಕ್ಕಳಾದಾಗ ಘಟಕಕ್ಕೆ ತಿಳಿಸಿ ಪಾರ್ಟ್ ಟೂ ಆರ್ಡರ್ ಮಾಡಿಸಬೇಕು, ದಾಖಲೆಯಲ್ಲಿ ಸಂಸಾರ ಹುಟ್ಟುವುದೇ ಆ ಹಾಳೆಯಿಂದ. ರಜೆಗೆ ಬಂದು ಮದುವೆಯಾಗಿ, ವಾಪಸು ಹೋದವನೇ ಗಡಿಗೆ ನಡೆದವನಿಗೆ ಹೆಂಡತಿಯ ಹೆಸರನ್ನು ಗುಮಾಸ್ತನೆದುರು ನಿಂತು ಬಿಡಿಸಿ ಹೇಳುವ ಪುರಸೊತ್ತೆಲ್ಲಿ? ಹಾಗಾಗಿ ದಾಖಲೆಯಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ ಸೇರಿಕೊಂಡ ಮೂರನೆಯದು. ಗಂಡ ಇರುವಷ್ಟು ದಿನ ಇದು ಯಾರಿಗೂ ತೊಡಕಲ್ಲ. ಅವನು ಹೋದ ಮರುದಿನದಿಂದ ಅಷ್ಟೂ ಹೊರೆ ಆಕೆಯ ತಲೆಯ ಮೇಲೆ.

ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡು ತಲುಪುವಾಗ ನಾಲ್ಕು ದಾಟಿತ್ತು. 2023ರಲ್ಲಿ ಬೇಲೂರು, ಸೋಮನಾಥಪುರಗಳೊಂದಿಗೆ ಹಳೇಬೀಡು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹೊಯ್ಸಳೇಶ್ವರ ದೇವಾಲಯದಲ್ಲಿ ಜನ ಹೆಚ್ಚು. ಆದರೆ ದಕ್ಷಿಣಕ್ಕಿರುವ ಗರುಡ ಕಂಬದ ಬಳಿ ನಿಲ್ಲುವವರು ಕಡಿಮೆ. ಒಡೆಯನ ಪ್ರಾಣಕ್ಕೆ ತನ್ನ ಪ್ರಾಣವನ್ನು ಒತ್ತೆಯಿಟ್ಟ ಅಂಗರಕ್ಷಕರನ್ನು ಹೊಯ್ಸಳರು ಗರುಡರೆಂದು ಕರೆಯುತ್ತಿದ್ದರು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ ಕುವರ ಲಕ್ಷ್ಮನು ಹೆಂಡತಿಯೊಂದಿಗೂ ತನ್ನ ಪಡೆಯೊಂದಿಗೂ ಪ್ರಾಣ ಬಿಟ್ಟದ್ದನ್ನು ಈ ಕಂಬ ಹೇಳುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವವರ ಕೆತ್ತನೆಗಳು ಸುತ್ತಲೂ ಇವೆ. ನಮ್ಮವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಕ್ಲರ್ಕ್ ಸಾಹೇಬರು ಹಿಂದಿನಿಂದ, "ಹೆಂಡತಿಯೂ ಜೊತೆಗೇ ಹೋದಳಲ್ಲ, ಫ್ಯಾಮಿಲಿ ಪಿಂಚಣಿಯ ಕೇಸೇ ಇಲ್ಲ" ಎಂದರು. ಮೇಜರ್ ಮೇಡಂ ಅವರತ್ತ ತಿರುಗಿ ನೋಡಿದ ನೋಟಕ್ಕೆ ಉಳಿದವರು ನಗುವುದೋ ಬಿಡುವುದೋ ತಿಳಿಯದೆ ಬೇಲೂರಿನ ಕಡೆ ಬೈಕು ತಿರುಗಿಸಿದರು.

ಶುಕ್ರವಾರ: ಬೇಲೂರು, ಚಿಕ್ಕಮಗಳೂರು

ಬೇಲೂರಿನ ಮೈದಾನದಲ್ಲಿ ಅಗ್ನಿವೀರ್ ಭರ್ತಿಗೆ ತಯಾರಾಗುತ್ತಿರುವ ಹುಡುಗರು ಬೆಳಕು ಹರಿಯುವ ಮೊದಲೇ ಓಡುತ್ತಿದ್ದರು. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಗಡಿಯಾರ ಹಿಡಿದು ಓಡಿಸಿದ ಡಿ.ಆರ್. ಸಾಹೇಬರು, ಮೊದಲ ಸುತ್ತಿನಲ್ಲೇ ಉಸಿರು ಚೆಲ್ಲಿಕೊಂಡವರನ್ನು ಬದಿಗೆ ಕರೆದು ನಿಧಾನ ಹೇಳಿಕೊಟ್ಟರು. ನಾಲ್ಕು ವರ್ಷದ ನಂತರ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉಳಿಯುವಂತಿಲ್ಲವಲ್ಲ, ಆಮೇಲೇನು ಎಂದು ಒಬ್ಬ ಹುಡುಗ ನೇರವಾಗಿ ಕೇಳಿದ. ಸುಬೇದಾರ್ ಸಾಹೇಬರು ಹುಸಿ ಧೈರ್ಯ ಹೇಳಲಿಲ್ಲ, ಐ.ಟಿ.ಐ. ಮುಗಿಸಿಕೊಂಡೇ ಹೋಗು, ವಾಪಸು ಬಂದರೂ ಕೈಯಲ್ಲಿ ಕೆಲಸ ಇರುತ್ತದೆ ಎಂದರು. ಆ ಮಾತು ನನಗೆ ಸರಿ ಎನಿಸಿತು.

ಅಲ್ಲಿಂದ ಚಿಕ್ಕಮಗಳೂರಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟೇ ದಾರಿ. ಆ ದಿನದ ಕೆಲಸ ರಕ್ತದಾನ. ಮೇಜರ್ ಮೇಡಂ ಹಿಂದಿನ ವಾರವೇ ಪಟ್ಟಿ ಮಾಡಿಕೊಂಡಿದ್ದರು. 65 ದಾಟಿದವರಿಂದ ರಕ್ತ ಪಡೆಯುವಂತಿಲ್ಲ, ಹಿಮೋಗ್ಲೋಬಿನ್ 12.5ಕ್ಕಿಂತ ಕೆಳಗಿರಬಾರದು, ಗಂಡಸರಿಗೆ ಹಿಂದಿನ ದಾನದಿಂದ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಈ ಜರಡಿಯಲ್ಲಿ ನಮ್ಮ ಕೂಟದ ಅರ್ಧಕ್ಕರ್ಧ ಮಂದಿ ಉದುರಿಹೋಗುತ್ತಾರೆ. ಹಾಗೆ ಉದುರಿದವರು ತಮ್ಮ ಬದಲಿಗೆ ಮಗನನ್ನೋ ಅಳಿಯನನ್ನೋ ಕರೆತರಬೇಕೆಂಬುದು ಮೇಡಂ ಅವರ ಕಟ್ಟಪ್ಪಣೆ. ಕೊಟ್ಟವರು ಅದೇ ದಿನ ಬೆಟ್ಟದ ರಸ್ತೆಯಲ್ಲಿ ಬೈಕು ಓಡಿಸಬಾರದೆಂಬುದು ಇನ್ನೊಂದು. ಮುಳ್ಳಯ್ಯನಗಿರಿಗೆ ಹೋಗಿ 1,930 ಮೀಟರ್ ಎತ್ತರದಲ್ಲಿ ಬಾವುಟದೊಂದಿಗೆ ಫೋಟೋ ತೆಗೆಸಿಕೊಳ್ಳುವ ಆಸೆ ಕೆಲವರಿಗಿತ್ತು. ರಾಜ್ಯದ ಅತಿ ಎತ್ತರದ ಶಿಖರ ಊರ ನೆತ್ತಿಯ ಮೇಲೇ ಇರುವಾಗ ಆಸೆಯಾಗುವುದು ಸಹಜ. ತೋಳಿಗೆ ಪಟ್ಟಿ ಕಟ್ಟಿಸಿಕೊಂಡವರೆಲ್ಲ ತಂಗಿದ್ದ ಛತ್ರದ ಅಂಗಳದಿಂದಲೇ ಅದನ್ನು ನೋಡಿ ತೃಪ್ತಿಪಟ್ಟರು.

ಶನಿವಾರ: ಮೂಡಿಗೆರೆ, ಕೊಟ್ಟಿಗೆಹಾರ, ಜಾವಳಿ

ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದಾಗ ಮಂಜು ಇನ್ನೂ ಎದ್ದಿರಲಿಲ್ಲ. ಇಲ್ಲಿನ ನೀರ್ ದೋಸೆ ತಿನ್ನದೆ ಮುಂದೆ ಹೋಗುವ ಪದ್ಧತಿ ಈ ದಾರಿಯಲ್ಲಿ ಯಾರಿಗೂ ಇಲ್ಲ. 2019ರ ಆಗಸ್ಟ್ ಮಳೆಗೆ ಈ ಸುತ್ತಿನ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿಯ ಸಂಚಾರ ನಿಂತು, ಹಲವು ಮನೆಗಳು ಮಣ್ಣುಪಾಲಾದಾಗ, ಲಾರಿ ನಿಂತಲ್ಲಿಂದ ಒಳಗೆ ಅಕ್ಕಿ, ಕಂಬಳಿ, ಮಾತ್ರೆಗಳನ್ನು ಬೈಕುಗಳ ಮೇಲೆ ಸಾಗಿಸಿದವರು ನಮ್ಮಲ್ಲಿ ಕೆಲವರು. ಯಾವ ತಿರುವಿನ ಹಿಂದೆ ಯಾವ ಮನೆ ಇದೆ, ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಎಂಬ ತಿಳಿವಳಿಕೆ ಅಂದಿನದು. ಇವತ್ತಿನ ಪಟ್ಟಿಗೂ ಅದೇ ಆಧಾರ.

ಜಾವಳಿಯ ಕಡೆಗೆ ತಿರುಗಿದೆವು. ಹಾಸನದ ನಲ್ಲಿಗಳಲ್ಲಿ ಬರುವ ಹೇಮಾವತಿ ಹುಟ್ಟುವುದು ಈ ಜಾವಳಿಯಲ್ಲಿ. ಡಾಂಬರು ಮುಗಿದ ಮೇಲೆ ಕೆಮ್ಮಣ್ಣಿನ ದಾರಿ, ಸಿಲ್ವರ್ ಓಕ್ ಮರಗಳ ನಡುವೆ ಅರೇಬಿಕಾ ಗಿಡಗಳು, ಕೊಯ್ಲು ಶುರುವಾದ ತೋಟಗಳಲ್ಲಿ ಬುಟ್ಟಿ ಕಟ್ಟಿಕೊಂಡ ಆಳುಗಳು. ಒಂದು ಏರಿನಲ್ಲಿ ಬೈಕೊಂದರ ಕ್ಲಚ್ ಕೇಬಲ್ ತುಂಡಾಯಿತು. ಹೊಸದು ಹಾಕಲು ಕಾಲು ಗಂಟೆಯೂ ಹಿಡಿಯಲಿಲ್ಲ. ಕೊನೆಯ ತುಣುಕು ದಾರಿಗೆ ಎಲ್ಲ ಬೈಕು ಬೇಡವೆಂದು ನಿರ್ಧರಿಸಿ, ಸುಬೇದಾರ್ ಸಾಹೇಬರು, ಕ್ಲರ್ಕ್ ಸಾಹೇಬರು, ಮೇಜರ್ ಮೇಡಂ ಮತ್ತು ನಾನು ಮಾತ್ರ ಮುಂದೆ ಹೋದೆವು. ಒಂಟಿ ಹೆಂಗಸಿನ ಮನೆಯಂಗಳಕ್ಕೆ ಹನ್ನೆರಡು ಬುಲೆಟ್ಟು ಗುಡುಗಿಸಿಕೊಂಡು ಹೋಗುವುದು ಸಭ್ಯತೆಯೂ ಅಲ್ಲ.

ಅಜ್ಜಿಗೆ ಆಧಾರಿನ ಪ್ರಕಾರ ಎಂಬತ್ತಮೂರು. ಗಂಡ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸಿನಲ್ಲಿದ್ದವರು, 1971ರ ಯುದ್ಧ ನೋಡಿದವರು, ತೀರಿಕೊಂಡು ಬಹುಕಾಲವಾಗಿದೆ. ಜಗಲಿಗೆ ಚಾಪೆ ಹಾಸಿ, "ಬನ್ನಿ ಕಣಪ್ಪ, ಮೊದ್ಲು ಕಾಫಿ, ಆಮೇಲೆ ನಿಮ್ಮ ಕಾಗದ" ಎಂದು ಬೆಲ್ಲದ ಕಾಫಿಯನ್ನೂ ಅಕ್ಕಿ ರೊಟ್ಟಿಯನ್ನೂ ತಂದಿಟ್ಟರು. ಮೇಜರ್ ಮೇಡಂ ಬಿ.ಪಿ. ನೋಡಿ, ಮಾತ್ರೆಯ ಹಾಳೆಗಳನ್ನು ಎಣಿಸಿ, ಒಂದು ಮಾತ್ರೆಯನ್ನು ಅಜ್ಜಿ ದಿನ ಬಿಟ್ಟು ದಿನ ನುಂಗುತ್ತಿದ್ದಾರೆಂದು ಪತ್ತೆ ಮಾಡಿದರು. "ಖಾಲಿಯಾದ್ರೆ ಪೇಟೆಗೆ ಹೋಗ್ಬೇಕಲ್ಲ ಮಗ" ಎಂಬುದು ಅಜ್ಜಿಯ ಸಮಜಾಯಿಷಿ.

ಬೆರಳಚ್ಚಿನ ಯಂತ್ರ ಮೊದಲ ಬೆರಳನ್ನು ಒಪ್ಪಲಿಲ್ಲ, ಎರಡನೆಯದನ್ನೂ ಒಪ್ಪಲಿಲ್ಲ. ಜೀವಮಾನವಿಡೀ ಕಾಫಿ ಹಣ್ಣು ಬಿಡಿಸಿದ, ಸೌದೆ ಸೀಳಿದ ಕೈ. ಬೆರಳ ತುದಿಯ ಗೆರೆಗಳೆಲ್ಲ ಸವೆದು ನುಣುಪಾಗಿದ್ದವು. ಎಣ್ಣೆ ಸವರಿ ಒರೆಸಿ ನೋಡಿದ್ದೂ ಆಯಿತು. ಲೈಫ್ ಸರ್ಟಿಫಿಕೇಟನ್ನು ಆನ್‌ಲೈನಿನಲ್ಲಿ ಸಲ್ಲಿಸುವ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ 2021ರಿಂದ ಮುಖ ಗುರುತಿಸುವ ಸೌಲಭ್ಯವಿರುವುದರಿಂದ ಮೊಬೈಲು ಸಾಕು, ಆದರೆ ಅದಕ್ಕೆ ನೆಟ್‌ವರ್ಕ್ ಬೇಕು, ಜಗಲಿಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಸುಬೇದಾರ್ ಸಾಹೇಬರು ಮೊಬೈಲನ್ನು ತಲೆಯ ಮೇಲೆ ಹಿಡಿದು ಅಂಗಳ ಸುತ್ತುತ್ತಿದ್ದುದನ್ನು ನೋಡಿ ಅಜ್ಜಿ ಊರುಗೋಲು ತೆಗೆದುಕೊಂಡು ಎದ್ದರು. "ಅಲ್ಲೆಲ್ಲ ಸಿಗಲ್ಲ. ಕಣದ ಮೇಲ್ಗಡೆ ಹಲಸಿನ ಮರದ ಬುಡಕ್ಕೆ ಬನ್ನಿ, ಮೊಮ್ಮಗ ನಿಂತ್ಕಂಡು ಮಾತಾಡೋದು ಅಲ್ಲೇ" ಎಂದು, ನಮಗಿಂತ ಮುಂದಾಗಿ ದಿಬ್ಬ ಹತ್ತಿದರು. ಕ್ಲರ್ಕ್ ಸಾಹೇಬರು ಲ್ಯಾಪ್‌ಟಾಪು ಎದೆಗವಚಿಕೊಂಡು ಏದುಸಿರು ಬಿಡುತ್ತ ಹಿಂದೆ.

ಹಲಸಿನ ಮರದ ಬುಡದಲ್ಲಿ ಎರಡು ಕಡ್ಡಿ ಸಿಕ್ಕಿತು. ಕಣ್ಣು ಮಿಟುಕಿಸಿದರೆ ಮಾತ್ರ ಆ್ಯಪ್ ಮುಖವನ್ನು ಸ್ವೀಕರಿಸುತ್ತದೆ. ಅಜ್ಜಿಯೋ, ಫೋಟೋ ಎಂದ ಕೂಡಲೆ ಸೆರಗು ಸರಿಮಾಡಿಕೊಂಡು, ಸ್ಟುಡಿಯೋದಲ್ಲಿ ಕುಳಿತವರ ಹಾಗೆ ಉಸಿರು ಬಿಗಿಹಿಡಿದು, ರೆಪ್ಪೆ ಅಲುಗಿಸದೆ ನಿಂತರು. ಮಿಟುಕಿಸಿ ಅಜ್ಜಿ ಎಂದಷ್ಟೂ ಕಣ್ಣು ಇನ್ನಷ್ಟು ಅಗಲವಾದವು. ಕೊನೆಗೆ ಮೇಜರ್ ಮೇಡಂ ಮೊಬೈಲಿನ ಹಿಂದೆ ನಿಂತು ತಾವೇ ಪಟಪಟನೆ ಕಣ್ಣು ಮಿಟುಕಿಸಿ ತೋರಿಸಿದಾಗ ಅಜ್ಜಿಗೆ ನಗು ಬಂದು ರೆಪ್ಪೆ ಬಡಿದವು. ಪರದೆಯ ಮೇಲೆ ಹಸಿರು ಗುರುತು ಬಿತ್ತು. ಇನ್ನೊಂದು ವರ್ಷಕ್ಕೆ ಚಿಂತೆಯಿಲ್ಲ.

ಆದರೆ ಕ್ಲರ್ಕ್ ಸಾಹೇಬರ ಕಣ್ಣು ಬೇರೊಂದರ ಮೇಲಿತ್ತು. ಮನೆಗೆ ಇಳಿದು ಬಂದ ಮೇಲೆ ಅಜ್ಜಿ ತಗಡಿನ ಟ್ರಂಕಿನಿಂದ ಗಂಡನ ಡಿಸ್ಚಾರ್ಜ್ ಬುಕ್ಕನ್ನು ತೆಗೆದುಕೊಟ್ಟರು. ನುಸಿಗುಳಿಗೆಯ ವಾಸನೆಯ ಬಟ್ಟೆಗಂಟಿನಲ್ಲಿ ಅದರ ಜೊತೆ 1971ರ ಯುದ್ಧದ ಪದಕಗಳಾದ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಇದ್ದವು. ಪಿ.ಪಿ.ಒ.ದಲ್ಲಿ ಅಜ್ಜಿಯ ಹುಟ್ಟಿದ ದಿನಾಂಕದ ಜಾಗ ಖಾಲಿ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಮೂಲ ಪಿಂಚಣಿಯ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40 ಹೆಚ್ಚುವರಿಯಾಗಿ ಸಿಗುತ್ತದೆ, ನೂರು ತುಂಬಿದವರಿಗೆ ಮೂಲ ಪಿಂಚಣಿಯೇ ದುಪ್ಪಟ್ಟಾಗುತ್ತದೆ; ಆದರೆ ದಾಖಲೆಯಲ್ಲಿ ವಯಸ್ಸೇ ಇಲ್ಲದವರಿಗೆ 80 ತುಂಬಿದ್ದು ಯಾರಿಗೆ ಗೊತ್ತಾಗಬೇಕು? ಕನಿಷ್ಠ ಕುಟುಂಬ ಪಿಂಚಣಿ 9,000 ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ 1,800 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, 80 ತುಂಬಿದ ತಿಂಗಳಿನಿಂದ ಬಾಕಿ. ಕ್ಲರ್ಕ್ ಸಾಹೇಬರು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಅರ್ಜಿ ಬರೆದರು, ಆಧಾರ್ ಮತ್ತು ಹಳೆಯ ಮತದಾರರ ಚೀಟಿಯ ಪ್ರತಿ ಲಗತ್ತಿಸಿದರು, ಪ್ರತಿ ಪುಟಕ್ಕೂ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದರು. ಎಷ್ಟು ಬರುತ್ತದೆ ಎಂದು ಅಜ್ಜಿ ಕೇಳಲಿಲ್ಲ, ಯಾವಾಗ ಬರುತ್ತದೆ ಎಂದು ಕೇಳಿದರು. ತಿಂಗಳುಗಳು ಹಿಡಿಯಬಹುದು ಎಂದು ಕ್ಲರ್ಕ್ ಸಾಹೇಬರು ಇದ್ದದ್ದನ್ನು ಇದ್ದಂತೆ ಹೇಳಿದರು.

ಆ ದಿನ ಇನ್ನೂ ಕೆಲವು ಮನೆಗಳಿಗೆ ಹೋದೆವು. ಎಲ್ಲ ಕಡೆಯೂ ಇಷ್ಟು ಹೇಳುವಂಥದ್ದೇನೂ ಇರಲಿಲ್ಲ. ಒಂದು ಮನೆಯಲ್ಲಿ ಎಲ್ಲ ಕಾಗದವೂ ಸರಿಯಾಗಿದ್ದು ಕಾಫಿ ಕುಡಿದು ಬಂದೆವು.

ಭಾನುವಾರ: ಸಕಲೇಶಪುರ, ಹಾಸನ

ಮೂಡಿಗೆರೆಯಲ್ಲಿ ತಂಗಿದ್ದು ಬೆಳಿಗ್ಗೆ ಸಕಲೇಶಪುರದ ಕಡೆಗೆ ಹೊರಟೆವು. ಇಲ್ಲಿ ಮಂಜಿಗಿಂತ ಆನೆಯ ಭಯ ಹೆಚ್ಚು. ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆಗಳು ತೋಟಗಳಲ್ಲೇ ಬೀಡುಬಿಟ್ಟಿವೆ. ಸೂರ್ಯ ಮೇಲೇರಿ, ಆನೆ ಕಾರ್ಯಪಡೆಯವರ ಸಂದೇಶ ನೋಡಿದ ಮೇಲೆಯೇ ಸುಬೇದಾರ್ ಸಾಹೇಬರು ಹೊರಡಲು ಅನುಮತಿ ಕೊಟ್ಟರು.

ಪೇಟೆಯಿಂದ ಒಳಗಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸವಿತ್ತು. ಭಾನುವಾರ ಮಕ್ಕಳು ಇರುವುದಿಲ್ಲವಲ್ಲ, ಬ್ಯಾಗು ಹಂಚುವ ಕಾರ್ಯಕ್ರಮ ಹೇಗೆ ಎಂದು ಹೊಸ ಸದಸ್ಯರೊಬ್ಬರು ಕೇಳಿದ್ದರು. ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸಿ, ದಾನಿಗಳಿಗೆ ಶಾಲು, ಮೈಸೂರು ಪೇಟ ತೊಡಿಸಿ, ಒಂದೊಂದು ಬ್ಯಾಗಿಗೂ ನಾಲ್ಕು ಕೈ ಹಚ್ಚಿ ಫೋಟೋ ತೆಗೆಸುವ ಸಮಾರಂಭಗಳು ನನಗೆ ಎಂದೂ ಹಿಡಿಸಿಲ್ಲ. ಭಾನುವಾರ ಆರಿಸಿಕೊಂಡದ್ದೇ ಅದಕ್ಕೆ. ಶಾಲಾಭಿವೃದ್ಧಿ ಸಮಿತಿಯವರು ಬೀಗ ತೆಗೆದು ಕೊಟ್ಟರು. ಒಬ್ಬರು ಹಳೆಯ ವೈರಿಂಗ್ ಕಿತ್ತು ಹೊಸದು ಎಳೆದರು, ನಾವು ನಾಲ್ವರು ಅಲುಗಾಡುತ್ತಿದ್ದ ನಲಿ-ಕಲಿ ಮೇಜುಗಳ ಕಾಲುಗಳಿಗೆ ಬೋಲ್ಟು ಬಿಗಿದೆವು, ಉಳಿದವರು ನೀರಿನ ತೊಟ್ಟಿ ತೊಳೆದು ನಲ್ಲಿಯ ವಾಷರು ಬದಲಿಸಿದರು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಮೇಜರ್ ಮೇಡಂ ಬೇರೆಲ್ಲ ಬಿಟ್ಟು ಮೊದಲು ಅದನ್ನು ಹಾಕಿಸಿದರು, ಒಳಗೆ ಹೋಗಿ ತಾವೇ ಎರಡು ಸಲ ಹಾಕಿ ತೆಗೆದು ಪರೀಕ್ಷಿಸಿದರು. ಊರಿನವರು ಮಧ್ಯಾಹ್ನಕ್ಕೆ ಕಡುಬು, ಕೋಳಿ ಸಾರು ಮಾಡಿದ್ದರು.

ಹಿಂದಿರುಗುವ ಮುನ್ನ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತಿದವರು ಅರ್ಧ ಮಂದಿ, ಕೆಳಗೆ ಚಹಾ ಕುಡಿಯುತ್ತ ಕುಳಿತವರು ಇನ್ನರ್ಧ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ ಅದು. ಯಾವ ಗೋಡೆಯ ಬುಡಕ್ಕೆ ಬಂದ ಶತ್ರುವೂ ಪಕ್ಕದ ಮೂಲೆಯ ಬಂದೂಕಿಗೆ ಸಿಕ್ಕುವಂತೆ ಅದರ ಲೆಕ್ಕಾಚಾರ. ಸುಬೇದಾರ್ ಸಾಹೇಬರು ಅದನ್ನು ಮೂಲೆಮೂಲೆಗೂ ನಿಂತು ವಿವರಿಸಿದ್ದರಿಂದ ನಾವು ಹೊರಟದ್ದು ತಡವಾಯಿತು.

ಹಾಸನಕ್ಕೆ ನಲವತ್ತು ಕಿಲೋಮೀಟರ್ ಹೆದ್ದಾರಿ. ಲಾರಿಗಳ ಸಾಲು ಬಿಟ್ಟರೆ ಬರೆಯುವಂಥದ್ದೇನೂ ಇಲ್ಲ. ಕತ್ತಲಾಗುವಷ್ಟರಲ್ಲಿ ಸುಬೇದಾರ್ ಸಾಹೇಬರ ಮನೆಯ ಪಡಸಾಲೆಯಲ್ಲಿ ಕ್ಲರ್ಕ್ ಸಾಹೇಬರು ಪೆಟ್ಟಿಗೆ ಬಿಚ್ಚಿ ಕಡತಗಳನ್ನು ವಿಂಗಡಿಸಿದರು. ಹೆಸರು ತಿದ್ದುವವುಗಳಿಗೆ ಅಫಿಡವಿಟ್ ಬೇಕು, ಅದನ್ನು ಡಿ.ಆರ್. ಸಾಹೇಬರು ನೋಟರಿಯ ಬಳಿ ಮಾಡಿಸುತ್ತಾರೆ. ಅಜ್ಜಿಯ ವಯಸ್ಸಿನ ಅರ್ಜಿ ಸೋಮವಾರವೇ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಬೇಕು. ಮಾತ್ರೆಗಳನ್ನು ತಿಂಗಳಿಗೊಮ್ಮೆ ಕೊಟ್ಟಿಗೆಹಾರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿ, ಮೊಮ್ಮಗನಿಗೆ ಫೋನು ಮಾಡಿ ತಿಳಿಸುವ ಹೊಣೆ ಮೇಜರ್ ಮೇಡಂ ಅವರದು. ಸೈನಿಕರ ಕಲ್ಯಾಣಕ್ಕೆ ದೇಣಿಗೆ ಸಂಗ್ರಹಿಸುವ ಡಿಸೆಂಬರ್ 7ರ ಧ್ವಜ ದಿನದ ಹುಂಡಿಗಳನ್ನು ಯಾರು ಯಾವ ವೃತ್ತದಲ್ಲಿ ಹಿಡಿಯಬೇಕೆಂಬ ಚರ್ಚೆ ಊಟಕ್ಕೆ ಎಲೆ ಹಾಕುವವರೆಗೂ ನಡೆಯಿತು. ಬಸ್ ನಿಲ್ದಾಣದ ಪಾಳಿ ನನಗೆ ಬಂತು.